ಎತ್ತು ಕೊಟ್ಟಿಗೆ ಸೇರುವ ತನಕ

ಗಂಡ ಗೆಲ್ಲಲಿ ಎಂದು ದೇವರಿಗೆ ದೀಪ ಹಚ್ಚುವ ಹೆಂಡತಿಯರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಗಂಡ ಸೋಲಲಿ, ಇವತ್ತೂ ಸೋಲಲಿ, ನಾಳೆಯೂ ಸೋಲಲಿ ಎಂದು ತುಪ್ಪದ ದೀಪ ಹಚ್ಚಿದವರು ಯಾರಾದರೂ ಇದ್ದಾರೆಯೆ? ಇದ್ದಾರೆ. ನಮ್ಮ ಚಿಕ್ಕವ್ವ. ಅಂಥ ದೀಪ ಹಚ್ಚಿಸಿಕೊಳ್ಳುವ ಯೋಗ್ಯತೆ ಪಡೆದ ಗಂಡಸು ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲೆಲ್ಲ ಒಬ್ಬರೇ. ಅವರು ನಮ್ಮ ಚಿಕ್ಕಪ್ಪ.

ನಗಬೇಡಿ. ಆ ದೀಪದ ಎದುರು ಚಿಕ್ಕವ್ವನ ಜೊತೆ ಕೈ ಮುಗಿದು ನಿಂತವರಲ್ಲಿ ನಾನೂ ಒಬ್ಬಳು. ಹುಣಸೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕಂಡದ್ದನ್ನು ಕಂಡಷ್ಟೇ ಬರೆಯಿರಿ, ಹೆಚ್ಚಿಸಬೇಡಿ ಎಂದು ಅವರಿಗೆ ದಿನವೂ ಹೇಳುತ್ತೇನೆ. ಇಲ್ಲಿಯೂ ಹಾಗೆಯೇ ಬರೆಯಲು ನೋಡುತ್ತೇನೆ. ಆದರೆ ಮುಂದೆ ಬರುವ ಒಂದು ಮಂಗಳವಾರದ ಮಾತಿಗೆ ದನಿ ಒಂದಿಷ್ಟು ಏರಬಹುದು. ಅಷ್ಟನ್ನು ಮನ್ನಿಸಿ.

ಚಿಕ್ಕಪ್ಪನ ಊರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿದೆ. ಬೆಳೆಯುವುದು ಹೊಗೆಸೊಪ್ಪು. ಮನೆಯ ಪಕ್ಕದಲ್ಲೇ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಎತ್ತರದ ಬ್ಯಾರನ್ನು. ಅವರು ಬೆಳೆದ ಸೊಪ್ಪು ಸಿಗರೇಟಾಗಿ ಯಾವ ಯಾವ ದೇಶಕ್ಕೋ ಹೋಗುತ್ತದೆ. ಅವರು ಸೇದುವುದು ಮಾತ್ರ ಬೀಡಿ.

"ನೀವು ಬೆಳೆದಿದ್ದನ್ನೇ ನೀವ್ಯಾಕೆ ಸೇದಲ್ಲ ಚಿಕ್ಕಪ್ಪ?" ಎಂದು ಒಮ್ಮೆ ಕೇಳಿದ್ದೆ.

ಅವರು ಗಾಬರಿಯಿಂದ ನನ್ನನ್ನು ನೋಡಿದರು. "ಎಲ್ಲಾರ ಉಂಟಾ? ಅದ್ಕೆ ಎಷ್ಟು ಔಷಧಿ ಹೊಡ್ದಿರ್ತೀವಿ ಅಂತ ನಂಗ್ ಗೊತ್ತಿಲ್ವೇನವ್ವ?"

ಆರೋಗ್ಯದ ಬಗ್ಗೆ ಇಷ್ಟು ಎಚ್ಚರವಿದ್ದ ಮನುಷ್ಯನ ಎಡಗಾಲಿನ ಬೆರಳುಗಳು ಒಂದು ದಿನ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದವು. ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಕಾಲನ್ನು ಅಲ್ಲಲ್ಲಿ ಒತ್ತಿ ನೋಡಿ, ನಡೆಯುವಾಗ ನೋವು ಬರುತ್ತದೆಯೇ ಎಂದು ಕೇಳಿದರು.

"ಏನಿಲ್ಲ ಸಾರ್. ಕಲ್ಲಿದ್ದಂಗದೆ ಕಾಲು," ಅಂದರು ಚಿಕ್ಕಪ್ಪ.

"ಸುಳ್ಳು ಡಾಕ್ಟ್ರೇ," ಅಂದರು ಚಿಕ್ಕವ್ವ ಹಿಂದಿನಿಂದ. "ಒಂದೀಟು ದೂರ ನಡುದ್ರೆ ಹಿಡ್ಕೊಳ್ತದೆ. ಬಾಯ್ಬುಟ್ಟು ಹೇಳಲ್ಲ, ಗಂಡಸ್ತನ."

ಡಾಕ್ಟರು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಕ್ತನಾಳ ಕಟ್ಟಿಕೊಳ್ಳುತ್ತಿದೆ, ಕಾರಣ ಬೀಡಿ, ಮಾತ್ರೆ ಕೊಡಬಲ್ಲೆ, ಆದರೆ ಬೀಡಿ ನಿಲ್ಲದೆ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಬಿಡಿಸಿ ಹೇಳಿದರು. "ಬೀಡಿ ಬೇಕೋ ಕಾಲು ಬೇಕೋ, ನೀವೇ ಆರಿಸಿಕೊಳ್ಳಿ."

ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು! ಆಮೇಲೆ, "ಕಾಲೇನೋ ಎರಡವೆ ಸಾರ್..." ಎಂದು ರಾಗ ತೆಗೆದರು.

"ಎರಡೂ ತಗದುಬುಡಿ ಡಾಕ್ಟ್ರೇ," ಅಂದರು ಚಿಕ್ಕವ್ವ. "ಮನೇಲಿ ಬಿದ್ದಿರ್ಲಿ. ಅಂಗಡಿಗೆ ಓಗೋದಾರೂ ತಪ್ತದೆ."

ಊರಿಗೆ ಬಂದ ಮೇಲೆ ಬೀಡಿ ಬಿಡಿಸುವ ಯಜ್ಞ ಶುರುವಾಯಿತು. ಏಲಕ್ಕಿ ಕೊಟ್ಟೆವು. ಸೋಂಪು ಕೊಟ್ಟೆವು. ಪೆಪ್ಪರ್‌ಮೆಂಟು, ಹುರಿದ ಕಡಲೆಬೀಜ, ಒಣಗಿದ ನೆಲ್ಲಿಕಾಯಿ, ಎಲ್ಲವನ್ನೂ ಕೊಟ್ಟೆವು. ಅವರು ಎಲ್ಲವನ್ನೂ ತಿಂದರು. ತಿಂದ ಮೇಲೆ, "ಹೊಟ್ಟೆ ತುಂಬ್ತು" ಎಂದು ಬೀಡಿ ಹಚ್ಚಿದರು.

ಒಂದು ಭಾನುವಾರ ನಾನು ಹೋದಾಗ ತಮ್ಮ ರೋಗವನ್ನು ತಾವೇ ಕಂಡುಹಿಡಿದು ಕೂತಿದ್ದರು. "ನೋಡವ್ವ, ನಿಮಗ್ಯಾರಿಗೂ ಬೀಡಿ ಅರ್ಥ ಆಗಿಲ್ಲ. ಬೀಡಿ ಬಾಯಿಗಲ್ಲ, ಕೈಗೆ. ಕಟ್ಟಿಂದ ಒಂದ ಎಳೀಬೇಕು, ಬೆರಳಲ್ಲಿ ಉಳ್ಳಾಡಿಸ್ಬೇಕು, ಕಡ್ಡಿ ಗೀರ್ಬೇಕು, ಗಾಳಿಗೆ ಅಡ್ಡ ಹಿಡೀಬೇಕು. ಸೇದೋದು ಕೊನೇ ಕೆಲ್ಸ. ನೀವು ಬಾಯಿಗೆ ತುಂಬ್ತಾನೇ ಇದೀರಿ. ಈ ಕೈಗೇನ್ ಕೊಟ್ರಿ?"

ಮಾತಿನಲ್ಲಿ ಹುರುಳಿತ್ತು. ಕೈಗೆ ಏನು ಕೊಡಬಹುದು? ಅವರ ಹತ್ತಿರ ಇದ್ದ ಫೋನಿಗೆ ಒಂದು ಆಟ ಹಾಕಿಕೊಟ್ಟೆ. ಸಣ್ಣಪುಟ್ಟದ್ದಲ್ಲ; ನನ್ನ ತರಗತಿಯ ಹುಡುಗರು ಊಟ ಬಿಟ್ಟು ಆಡುವಂಥದ್ದು. ಬೆಟ್ಟ, ಸಮುದ್ರ, ವಿಮಾನ, ವಿಮಾನದಿಂದ ಧುಮುಕುವ ಸೈನಿಕ. ಸಿನಿಮಾದಲ್ಲಿ ಕಂಡ ಹಾಗೆ. ಅದು ತೆರೆದುಕೊಳ್ಳಲು ತೆಗೆದುಕೊಂಡ ಸಮಯದಲ್ಲಿ ಚಿಕ್ಕವ್ವ ಕಾಫಿ ಕಾಯಿಸಿ ತಂದರು. ಫೋನು ಕಾಫಿಗಿಂತ ಬಿಸಿಯಾಯಿತು. ಕೊನೆಗೆ ಸೈನಿಕ ನೆಲಕ್ಕಿಳಿದ, ಎರಡು ಹೆಜ್ಜೆ ಇಟ್ಟ, ಎಲ್ಲಿಂದಲೋ ಗುಂಡು ಬಂತು, ಸತ್ತ.

"ಯಾರವ್ವ ನಂಗೆ ಹೊಡ್ದೋನು?"

"ಗೊತ್ತಿಲ್ಲ ಚಿಕ್ಕಪ್ಪ. ಯಾವ ದೇಶದವನೋ."

"ಮುಖ ಕಾಣದೋನ ಕೈಲಿ ಸಾಯಕ್ಕೆ ಇಷ್ಟೊತ್ತು ಕಾಯ್ಬೇಕಾ? ಇಷ್ಟೊತ್ಗೆ ಎರಡು ಬೀಡಿ ಆಗೋಗಿರ್ತಿತ್ತು!"

ಆಗ ನನಗೆ ಹೊಳೆಯಿತು. ಬೀಡಿಯ ಜಾಗಕ್ಕೆ ಬರುವ ಆಟ ಬೀಡಿಯಷ್ಟೇ ಉದ್ದವಿರಬೇಕು. ಕಡ್ಡಿ ಗೀರಿದ ಕೂಡಲೇ ಹತ್ತಬೇಕು, ನಾಲ್ಕು ದಮ್ಮಿಗೆ ಮುಗಿಯಬೇಕು. ಅಂಥ ಆಟಗಳು ಇವೆ. ಹಳೆಯ ಕಾಲದ ಆಟಗಳಂತೆ ಕಾಣಲೆಂದೇ ಈಗಿನವರು ಮಾಡಿರುವ ಆಟಗಳು, ನೋಡಲು ಬಡಪಾಯಿಗಳು. ಹುಡುಕಿ ಒಂದನ್ನು ಹಾಕಿಕೊಟ್ಟೆ. ಒಂದು ಎತ್ತು, ಹಿಂದೊಂದು ಗಾಡಿ. ಎಲ್ಲವೂ ದಪ್ಪ ದಪ್ಪ ಚೌಕಗಳಲ್ಲಿ ಬರೆದದ್ದು. ಕೊಂಬಿಗೆ ಎರಡು ಚೌಕ, ಬಾಲಕ್ಕೆ ಮೂರು. ಒಂಟಿ ಎತ್ತು ತಾನಾಗಿ ಓಡುತ್ತಿರುತ್ತದೆ. ಗುಂಡಿ ಬಂದರೆ, ಬಂಡೆ ಬಂದರೆ ಗಾಜಿನ ಮೂಲೆಯ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿ ಹಾರಿಸಬೇಕು. ತಪ್ಪಿದರೆ ಒಂದು ಜೀವ ಹೋಯಿತು. ಮೂರು ಜೀವ ಹೋದರೆ, ನೀವು ಎಷ್ಟೇ ದೂರ ಹೋಗಿರಿ, ಮತ್ತೆ ಮೊದಲ ಗುಂಡಿಯಿಂದ. ಅರ್ಧಕ್ಕೆ ಉಳಿಸಿಟ್ಟುಕೊಳ್ಳುವ ಅನುಕೂಲ ಇಲ್ಲವೇ ಇಲ್ಲ. ಬಯಲು, ಕಾಡು, ಹೊಳೆ ಎಲ್ಲ ದಾಟಿದರೆ ಕೊನೆಯಲ್ಲಿ ಒಂದು ಕೊಟ್ಟಿಗೆ ಇದೆಯಂತೆ.

ಚಿಕ್ಕಪ್ಪ ಮೊದಲ ಗುಂಡಿಗೇ ಬಿದ್ದರು. ಮತ್ತೆ ಬಿದ್ದರು. ಮತ್ತೆ. ಆಟ ಮುಗಿಯಿತು ಎಂದು ಫೋನು ಟುಂಯ್ ಎಂದು ಅತ್ತಿತು. ಬೈಯುತ್ತಾರೆ ಎಂದುಕೊಂಡೆ. ಅವರು ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡುತ್ತಾ, "ಇದು ನ್ಯಾಯದ ಆಟ ಕಣವ್ವ," ಅಂದರು. "ಗುಂಡಿ ಎಲ್ಲಿತ್ತೋ ಅಲ್ಲೇ ಅದೆ. ಯಾರೂ ಮರೇಲಿ ನಿಂತು ಹೊಡೀಲಿಲ್ಲ. ಬಿದ್ದೋನು ನಾನೇ."

ಆ ಹೊತ್ತು ಬೀಡಿ ಹಚ್ಚಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಎಂಥ ತಿಳಿಗೇಡಿ ನಾನು!

ಸಂಜೆ ರಸ್ತೆ ಬದಿಯ ನಂಜಪ್ಪನ ಟೀ ಅಂಗಡಿಗೆ ಹೋದೆವು. ಚಿಕ್ಕವ್ವನೂ ಸಕ್ಕರೆಗೆಂದು ಬಂದಿದ್ದರು. ನಂಜಪ್ಪ ಚಿಕ್ಕಪ್ಪನಿಗೆ ತಮ್ಮನ ಸಮಾನ, ಬೀಡಿ ಮಾರುವವನೂ ಅವನೇ. ಚಿಕ್ಕಪ್ಪ ಅವನ ಕಣ್ಣ ಮುಂದೆಯೇ ಆಡಿ ಬಿದ್ದರು.

"ಅಣ್ಣೋ, ನಿನ್ನೆತ್ತು ಊರ ಗಡೀನೇ ದಾಟ್ನಿಲ್ವಲ್ಲೋ!" ಎಂದು ನಂಜಪ್ಪ ನಕ್ಕ. "ಕುಂಟೆತ್ತು ಕಣ, ಸಂತೇಗ್ ಹೊಡಿ."

ಚಿಕ್ಕಪ್ಪನಿಗೆ ಎತ್ತನ್ನು ಹಳಿದರೆ ತಡೆಯುವುದಿಲ್ಲ. ಜೇಬಿನಿಂದ ಬೀಡಿಯ ಕಟ್ಟು ತೆಗೆದು ಅವನ ಮುಂದೆ ಕುಕ್ಕಿದರು. "ಇಡ್ಲಾ ನಂಜ ಇದ ನಿನ್ನ ಹತ್ರ. ಈ ಎತ್ತು ಕೊಟ್ಟಿಗೆ ಸೇರೋಗಂಟ ನಾನು ಬೀಡಿ ಮುಟ್ಟಲ್ಲ. ಮಾದಪ್ಪನಾಣೆ!"

ಚಿಕ್ಕವ್ವ ಸಕ್ಕರೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು ಮೇಲೆ ನೋಡಿದರು, ಕಣ್ಣಲ್ಲಿ ನೀರು. ನಂಜಪ್ಪ ಕಟ್ಟನ್ನು ಬಿಸ್ಕತ್ತಿನ ಡಬ್ಬದ ಮೇಲಿನ ಹಲಗೆಯಲ್ಲಿಟ್ಟ. ನಾವು ಹಬ್ಬದವರ ಹಾಗೆ ಮನೆಗೆ ಬಂದೆವು. ರಾತ್ರಿಯ ಅಡುಗೆಗೆ ಅಕ್ಕಿ ಆರಿಸುತ್ತಿದ್ದ ಚಿಕ್ಕವ್ವನ ಕೈ ಮೊರದ ಮೇಲೆ ಹಾಗೆಯೇ ನಿಂತಿತು.

"ಮಗ," ಅಂದರು ಮೆಲ್ಲಗೆ, "ಸೇರೋಗಂಟ ಅಂದ್ರಲ್ಲ... ಅಂಗಾರೆ ಸೇರಿದ್ ಮ್ಯಾಲೆ?"

ನಾವಿಬ್ಬರೂ ಎದ್ದು ಜಗಲಿಗೆ ಹೋದೆವು. ಚಿಕ್ಕಪ್ಪನನ್ನೇ ನೇರವಾಗಿ ಕೇಳಿದೆವು. ಅವರು ನ್ಯಾಯಾಧೀಶರ ಗತ್ತಿನಲ್ಲಿ ತೀರ್ಪು ಕೊಟ್ಟರು: "ಸೇರಿದ್ ಮೇಲೆ ಸೇದ್ಲೇಬೇಕು. ಆಣೆ ಅಂದ್ರೆ ಎರಡು ಕಡೆಗೂ ಆಣೆ. ಮಾತು ತಪ್ಪೋನಲ್ಲ ನಾನು."

ದೀಪ ಹಚ್ಚಿದ್ದು ಆಗ. ಆ ಎತ್ತು ಜನ್ಮದಲ್ಲಿ ಕೊಟ್ಟಿಗೆ ಕಾಣದಿರಲಿ, ನನ್ನ ಗಂಡನ ಕಾಲು ಉಳಿಯಲಿ ಎಂದು.

ಮೊದಮೊದಲು ಹೆದರುವ ಕಾರಣವಿರಲಿಲ್ಲ. ಬೀಡಿಯ ನೆನಪಾದಾಗಲೆಲ್ಲ ಚಿಕ್ಕಪ್ಪ ಫೋನು ತೆಗೆಯುವರು, "ಹೋಯ್, ಹೋಯ್, ಬಾ ನನ್ನಪ್ಪ" ಎಂದು ನಾಲಿಗೆಯಲ್ಲಿ ಲೊಟಕೆ ಹೊಡೆಯುವರು, ಎತ್ತು ಹಾರುವಾಗ ತಾವೂ ಜಗಲಿಯ ಮೇಲೆ ಅರ್ಧ ಏಳುವರು, ಬಿದ್ದರೆ "ಅಯ್ಯೋ!" ಎನ್ನುವರು. ಆದರೆ ಈ ಔಷಧಿಯಲ್ಲಿ ಒಂದು ದೋಷವಿತ್ತು. ಬೀಡಿಯ ಆಸೆ ತೀರಲೆಂದು ಆಡುವುದು, ಆಡಿದರೆ ಸೋಲುವುದು, ಸೋತರೆ ಎಂಥ ಕೋಪ ಬರುತ್ತಿತ್ತೆಂದರೆ, ಆ ಕೋಪಕ್ಕೆ ಒಂದು ಬೀಡಿ ಬೇಕೆನ್ನಿಸುವುದು, ಅದನ್ನು ಮರೆಯಲು ಮತ್ತೆ ಆಡುವುದು! ಗಾಣದ ಎತ್ತು ಯಾವುದು, ಫೋನಿನ ಎತ್ತು ಯಾವುದು ಎಂದು ನನಗೇ ತಿಳಿಯದಾಯಿತು.

ಜೀವ ಕಳೆದಾಗಲೆಲ್ಲ ನಡುವೆ ಜಾಹೀರಾತು ಬೇರೆ. ಮಂಡಿಯವರೆಗೆ ಕೂದಲಿದ್ದ ಹೆಂಗಸೊಬ್ಬಳು ಬಂದು ತಲೆ ಒದರಿ ಎಣ್ಣೆ ತೋರಿಸುವಳು. ಚಿಕ್ಕಪ್ಪನ ತಲೆಯಲ್ಲಿ ಒಂದು ಕೂದಲೂ ಇಲ್ಲ. "ನನ್ನ ತಲೆ ನೋಡ್ಕೊಂಡು ಮಾತಾಡು ತಾಯಿ," ಎಂದು ಅವರು ಬೇಡಿಕೊಳ್ಳುವರು. ಒಳಗಿನಿಂದ ಚಿಕ್ಕವ್ವ, "ಯಾರ್ರೀ ಅದು ಮತ್ತೆ ಬಂದೋಳು?" ಎನ್ನುವರು. ನೆಟ್ಟು ಆರಿಸಿದರೆ ಅವಳು ಬರುವುದಿಲ್ಲ ಎಂದು ನಾನು ತೋರಿಸಿಕೊಟ್ಟೆ. ಮಾರನೆಯ ವಾರ ಬಂದಾಗ, "ಪಾಪ, ಒಂದ್ ಮಾತು ಹೇಳಿ ಕಳಿಸ್ಬೇಕಾಗಿತ್ತು," ಎಂದು ಚಿಕ್ಕಪ್ಪ ಪೇಚಾಡುತ್ತಿದ್ದರು.

ಸೊಪ್ಪು ಮುರಿಯುವ ಕಾಲ ಬಂತು. ಹಸಿ ಹೊಗೆಸೊಪ್ಪು ಮುರಿದವರ ಕೈ ನೋಡಿದ್ದೀರಾ? ಕಪ್ಪು ಅಂಟು ಮೆತ್ತಿ ಚರ್ಮವೇ ಕಾಣುವುದಿಲ್ಲ. ಅಂಥ ಬೆರಳಿಟ್ಟರೆ ಫೋನಿಗೆ ಗೊತ್ತೇ ಆಗದು. ಇವರು ಒತ್ತುವರು, ಎತ್ತು ಹಾರದು, ಗುಂಡಿಗೆ ಬೀಳುವುದು. ಎರಡು ದಿನ ನೋಡಿ ಚಿಕ್ಕಪ್ಪ ಒಂದು ಉಪಾಯ ಮಾಡಿದರು. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ಕು ಕಟ್ಟಿ, ಉಳಿದ ನಾಲ್ಕು ಬೆರಳಲ್ಲೇ ಸೊಪ್ಪು ಮುರಿಯತೊಡಗಿದರು. ಹೊಲದ ಬದುವಿನಲ್ಲಿ ಹೋಗುವವರೆಲ್ಲ, "ಏನಾಯ್ತಣ್ಣ, ಗಾಯವಾ?" ಎಂದು ಕೇಳುವರು.

"ಗಾಯ ಅಲ್ಲ ಕಣಯ್ಯ, ಆಯುಧ!" ಎಂದು ಚಿಕ್ಕಪ್ಪ ಹೆಬ್ಬೆರಳನ್ನು ಎತ್ತಿ ತೋರಿಸುವರು.

ಇಷ್ಟೆಲ್ಲ ಪರಿಶ್ರಮಕ್ಕೆ ಫಲ ಸಿಗದಿರುತ್ತದೆಯೇ? ಎತ್ತು ಬಯಲು ದಾಟಿತು. ಕಾಡು ಸೇರಿತು. ಅತ್ತ ಚಿಕ್ಕಪ್ಪನ ಕಾಲಿನ ಬೆರಳುಗಳಿಗೆ ನಿಧಾನವಾಗಿ ಮನುಷ್ಯರ ಬಣ್ಣ ಬರತೊಡಗಿತು. ಮಾತ್ರೆ ಕೆಲಸ ಮಾಡುತ್ತಿತ್ತು. ಕಾಲು ಒಂದಿಷ್ಟು ಗುಣವಾದರೆ ಕೊಟ್ಟಿಗೆಯೂ ಒಂದಿಷ್ಟು ಹತ್ತಿರ! ಚಿಕ್ಕವ್ವನ ಸ್ಥಿತಿಯನ್ನು ನೀವೇ ಊಹಿಸಿ. ದೇವರೊಬ್ಬನನ್ನೇ ನಂಬಿ ಕೂರುವ ಹೆಂಗಸಲ್ಲ ಅವರು. ಎತ್ತು ಕಷ್ಟದ ಜಾಗಕ್ಕೆ ಬಂದ ಸದ್ದು ಕೇಳಿದ ಕೂಡಲೇ ಒಳಗಿನಿಂದ, "ರೀ, ಕರೆಂಟ್ ಬಂತು, ಮೋಟ್ರು ಹಾಕಿ!" ಎನ್ನುವರು. "ರೀ, ಮ್ಯಾಕೆ ಸೊಪ್ಪಿಗೆ ಬಾಯಾಕ್ತು!" ಎನ್ನುವರು. ನಮ್ಮ ಮನೆಯಲ್ಲಿ ಮೇಕೆಯೇ ಇರಲಿಲ್ಲ. ಚಿಕ್ಕಪ್ಪ ಎದ್ದು ಹುಡುಕಲು ಹೋಗುವರು. ಅಷ್ಟರಲ್ಲಿ ಎತ್ತು ಗುಂಡಿಯಲ್ಲಿರುತ್ತಿತ್ತು.

ಇವೆಲ್ಲದರ ನಡುವೆ ಸೋಮವಾರ ಎಂಬ ಒಂದು ಇಕ್ಕಟ್ಟಿತ್ತು. ಮೊದಲ ಸಲ ನಾನು ರಜೆ ಹಾಕಿ ಉಳಿದ ಸೋಮವಾರ ಚಿಕ್ಕಪ್ಪ ಬೆಳಿಗ್ಗೆಯಿಂದ ಕೈ ಕೈ ಹಿಸುಕಿಕೊಳ್ಳುತ್ತಾ ಅಂಗಳದಲ್ಲಿ ಸುತ್ತುತ್ತಿದ್ದರು.

"ಬೀಡಿ ನೆನಪಾಯ್ತಾ? ಆಡಿ ಚಿಕ್ಕಪ್ಪ," ಅಂದೆ.

"ಸೋಮವಾರ ಅಲ್ವೇನವ್ವ? ಬಸವನ ದಿನ. ಎತ್ತಿನ ಮೇಲೆ ನೊಗ ಇಡಂಗಿಲ್ಲ."

ನಮ್ಮಲ್ಲಿ ತಾತಂದಿರ ಕಾಲದಿಂದ ಸೋಮವಾರ ಉಳುವುದಕ್ಕೆ ಆರು ಕಟ್ಟುವುದಿಲ್ಲ. ಎತ್ತಿಗೆ ಮೈ ತೊಳೆದು, ಪೂಜೆ ಮಾಡಿ ಬಿಡುವು ಕೊಡುತ್ತಾರೆ. ಅದು ಸರಿ. "ಆದರೆ ಇದು ಫೋನಿನ ಎತ್ತು ಚಿಕ್ಕಪ್ಪ!"

"ನೊಗ ಅದೆಯೋ ಇಲ್ವೋ ನೋಡು."

ನೋಡಿದೆ. ಕತ್ತಿನ ಮೇಲೆ ಎರಡು ಕಂದು ಚೌಕ. ನೊಗವೇ. "ಆದರೂ ಜೀವ ಇಲ್ಲವಲ್ಲ?"

"ಯಾಕಿಲ್ಲ?" ಅಂದರು ಚಿಕ್ಕಪ್ಪ ಕೆರಳಿ. "ಮೂರವೆ! ನೀನೇ ಹೇಳ್ಕೊಟ್ಟಿದ್ದು!"

ವಿಜ್ಞಾನದ ಮೇಷ್ಟ್ರು ಫೋನನ್ನು ಗೋಡೆಯ ಗೂಡಿನಲ್ಲಿಟ್ಟೆ. ಅಂದಿನಿಂದ ಪ್ರತಿ ಸೋಮವಾರ ಎತ್ತಿಗೆ ಬಿಡುವು, ಮನೆಯವರಿಗೆ ಅಗ್ನಿಪರೀಕ್ಷೆ. ಆಟವೂ ಇಲ್ಲದೆ ಬೀಡಿಯೂ ಇಲ್ಲದೆ ಆ ಮನುಷ್ಯ ಹಗಲಿಡೀ ಹೊಗೆಸೊಪ್ಪಿನ ಬ್ಯಾರನ್ನಿನ ಸುತ್ತ ತಿರುಗಿ ಬರುವುದನ್ನು ನೋಡಲಾಗುತ್ತಿರಲಿಲ್ಲ. ಆದರೂ ಮುಟ್ಟಲಿಲ್ಲ. ಮಾತು ತಪ್ಪುವವರಲ್ಲವಲ್ಲ!

ದಸರೆಯ ರಜೆಗೆ ನಾನು ಅಲ್ಲೇ ಇದ್ದೆ. ಆ ಭಾನುವಾರ ಸಂಜೆ ಜಗಲಿಯಿಂದ ಸದ್ದೇ ಬರಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ. ಹೋಗಿ ನೋಡಿದೆ. ಎತ್ತು ಹೊಳೆಯ ದಂಡೆಯಲ್ಲಿತ್ತು. ಕೊನೆಯ ಭಾಗ. ಅಷ್ಟು ದೂರ ಅದು ಎಂದೂ ಹೋಗಿರಲಿಲ್ಲ. ಉಳಿದಿದ್ದು ಒಂದೇ ಜೀವ. ಪರದೆಯ ಬಲ ತುದಿಯಲ್ಲಿ, ಹೊಳೆಯ ಆಚೆಗೆ, ಹುಲ್ಲಿನ ಸೂರಿನ ಬಣ್ಣದ ನಾಲ್ಕಾರು ಚೌಕಗಳು ಕಾಣುತ್ತಿದ್ದವು. ಕೊಟ್ಟಿಗೆ!

ಚಿಕ್ಕವ್ವ ದೇವರ ಮನೆಯಲ್ಲಿ ದೀಪ ಹಚ್ಚಿ ಗಂಟೆ ಬಾರಿಸಿದರು. ಚಿಕ್ಕಪ್ಪ ಥಟ್ಟನೆ ಆಟವನ್ನು ತಡೆದು ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ?"

"ದೀಪ ಹಚ್ಚಿದ್ ಮೇಲೆ ಎತ್ತ ಹೊಡೀತಾರೇನವ್ವ? ನಾಳೆ ಸೋಮವಾರ. ಮಂಗಳವಾರ ನೋಡಾನ."

ಸಂಕಟ ಏನೆಂದರೆ, ಆಟವನ್ನು ಉಳಿಸಿಡುವ ದಾರಿ ಇಲ್ಲ. ಹಾಗೆಯೇ ನಿಲ್ಲಿಸಿಡಬೇಕು. ಫೋನು ಆರಿದರೆ ಹೋಯಿತು, ಬ್ಯಾಟರಿ ಮುಗಿದರೆ ಹೋಯಿತು, ಯಾರಾದರೂ ಕರೆ ಮಾಡಿದರೂ ಆಟ ಮುಚ್ಚಿಕೊಂಡುಬಿಡಬಹುದು. ನೆಟ್ಟು ಆರಿಸಿದರೆ ಜಾಹೀರಾತು ನಿಲ್ಲುತ್ತದೆ, ನೆಂಟರು ನಿಲ್ಲುತ್ತಾರೆಯೇ? ಚಿಕ್ಕಪ್ಪ ನನ್ನ ಫೋನಿನಿಂದ ಎಲ್ಲ ನೆಂಟರಿಗೂ ಸುದ್ದಿ ಮುಟ್ಟಿಸಿದರು: ನಾಳೆ ಒಂದು ದಿನ ನನ್ನ ಫೋನಿಗೆ ಯಾರೂ ಮಾಡಕೂಡದು.

ಪರಿಣಾಮ? ಸೋಮವಾರ ಬೆಳಿಗ್ಗೆ ಮೊದಲು ಕೆ.ಆರ್. ನಗರದ ಅತ್ತೆ ಮಾಡಿದರು, ಯಾಕೆ ಮಾಡಬಾರದು ಎಂದು ಕೇಳಲು. ಆಮೇಲೆ ಸರಗೂರಿನ ಬೀಗರು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿರುವ ನಮ್ಮ ಅಣ್ಣ, "ಚಿಕ್ಕಪ್ಪನಿಗೆ ಏನಾಯ್ತು, ನಿಜ ಹೇಳು" ಎಂದು ಅಳುವ ದನಿಯಲ್ಲಿ. ಪ್ರತಿ ಸಲ ಫೋನು ಬಡಿದುಕೊಂಡಾಗ ಚಿಕ್ಕಪ್ಪ ಎದೆ ಹಿಡಿದುಕೊಂಡರು. ಪ್ರತಿ ಸಲ ಸದ್ದು ನಿಂತ ಮೇಲೆ ನೋಡಿದರೆ ಎತ್ತು ಹೊಳೆಯ ದಂಡೆಯಲ್ಲೇ, ಒಂದು ಕಾಲು ಎತ್ತಿಕೊಂಡು, ಅಲ್ಲಾಡದೆ ನಿಂತಿತ್ತು. ಕೊನೆಗೆ ನಂಜಪ್ಪನೇ ಅಂಗಡಿಯಿಂದ ಕರೆ ಮಾಡಿ, "ಅಣ್ಣ, ಫೋನ್ ಮಾಡ್ಬಾರ್ದಂತೆ, ನಿಜವಾ?" ಎಂದು ಕೇಳಿದ. ಆಗಲೂ ಎತ್ತು ಅಲ್ಲಾಡಲಿಲ್ಲ.

ಮಧ್ಯಾಹ್ನ ಚಿಕ್ಕಪ್ಪ ಬ್ಯಾರನ್ನಿಗೆ ಸೌದೆ ಹಾಕಲು ಹೋದರು. ಫೋನು ಗೂಡಿನಲ್ಲಿ ಚಾರ್ಜಿಗಿತ್ತು. ಮನೆಯಲ್ಲಿ ನಾನು, ಚಿಕ್ಕವ್ವ, ಇಬ್ಬರೇ. ಪಕ್ಕದ ಬಟನ್ನನ್ನು ಒಂದು ಸಲ ಒತ್ತಿಹಿಡಿದರೆ ಸಾಕು: ಫೋನು ಆರುತ್ತದೆ, ಎತ್ತು ಮೊದಲ ಗುಂಡಿಗೆ ಹೋಗುತ್ತದೆ, ಚಿಕ್ಕಪ್ಪನ ಕಾಲು ಉಳಿಯುತ್ತದೆ. ತಪ್ಪನ್ನು ಕರೆಂಟಿನ ಮೇಲೆ ಹಾಕಿದರೆ ಕೇಳುವವರಿಲ್ಲ. ಚಿಕ್ಕವ್ವ ಗೂಡಿನ ಮುಂದೆ ಹೋಗಿ ನಿಂತರು. ಕೈ ಚಾಚಿದರು.

ಕೈ ಹಾಗೆಯೇ ನಿಂತಿತು. ಕೆಳಗೆ ಇಳಿಯಿತು. ಚಿಕ್ಕವ್ವ ಒಳಗೆ ಹೋಗಿ ವಿಭೂತಿ ತಂದು, ಗಾಜಿಗೆ ತಗಲದ ಹಾಗೆ, ಫೋನಿನ ಹಣೆಗೆ ಒಂದು ಗೆರೆ ಎಳೆದರು.

"ಚಿಕ್ಕವ್ವ!"

"ಸೋಮವಾರ ಕಣವ್ವ," ಅಂದರು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ಬಸವನ ಮೇಲೆ ಕೈ ಮಾಡಕಾಯ್ತದಾ?"

ಮಂಗಳವಾರ ಬಂತು. ಚಿಕ್ಕಪ್ಪ ಸ್ನಾನ ಮಾಡಿ, ಹೆಬ್ಬೆರಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಪೂಜೆ ಮುಗಿಸಿ ಜಗಲಿಗೆ ಬಂದು ಕೂತರು. ನಾನು ಎಡಕ್ಕೆ. ಚಿಕ್ಕವ್ವ ಕಂಬದ ಹಿಂದೆ.

ತಡೆದ ಆಟ ಬಿಟ್ಟುಕೊಂಡಿತು. ಎತ್ತು ಓಡಿತು. ಹೊಳೆಯ ನಡುವೆ ಮೊದಲ ಬಂಡೆಗೆ ಹಾರಿತು. ಎರಡನೆಯದಕ್ಕೆ ಹಾರಿತು. ಅಲ್ಲಿ ಒಂದು ಮರದ ದಿಮ್ಮಿ ತೇಲಿ ಬರುತ್ತದೆ. ಬೇಗ ಹಾರಿದರೂ ನೀರು, ತಡವಾದರೂ ನೀರು.

"ರೀ! ಮ್ಯಾಕೆ!" ಎಂದು ಚಿಕ್ಕವ್ವ ಕಂಬದ ಹಿಂದಿನಿಂದ ಕೂಗಿದರು. ದನಿ ಒಡೆದಿತ್ತು.

"ತಿನ್ಲಿ ಬುಡೆ!" ಅಂದರು ಚಿಕ್ಕಪ್ಪ. ಹೆಬ್ಬೆರಳು ಇಳಿಯಿತು. ಗಾಡಿ ಗಾಳಿಯಲ್ಲಿತ್ತು. ಎತ್ತಿನ ಮುಂಗಾಲು ದಿಮ್ಮಿಗೆ ತಗಲಿತು, ಹಿಂದಿನ ಚಕ್ರ ನೀರಿನ ಮೇಲೆ ತೂಗಿತು, ನಾನು ಕಣ್ಣು ಮುಚ್ಚಲಿಲ್ಲ, ನೋಡಿದೆ: ಹಾರಿತು. ದಂಡೆ ಹತ್ತಿತು. ಓಡಿತು. ಕೊಟ್ಟಿಗೆಯ ಬಾಗಿಲು ಎರಡು ಚೌಕ ತೆರೆಯಿತು. ಎತ್ತು ಒಳಗೆ ಹೋಗಿ ಮಂಡಿಯೂರಿ ಮಲಗಿತು. ಅದರ ಕತ್ತಿನ ಮೇಲಿನ ಆ ಎರಡು ಕಂದು ಚೌಕಗಳು ಮಾಯವಾದವು.

ಟಿಣಿ ಟಿಣಿ ಎಂದು ಸಂಗೀತ ಬಂತು. ನಾನು ಎದ್ದು ಕುಣಿದೆ! ಏನು ಕಳೆದುಕೊಳ್ಳುತ್ತಿದ್ದೇನೆ ಎಂಬುದೆಲ್ಲ ಮರೆತು ಚಪ್ಪಾಳೆ ತಟ್ಟಿದೆ! ಚಿಕ್ಕವ್ವನ ಬಾಯಿಂದಲೂ, ದೇವರೇ ಸಾಕ್ಷಿ, "ಭಲೇ!" ಎಂಬ ಮಾತು ಹೊರಬಿತ್ತು. ಬಿದ್ದ ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡರು.

ಚಿಕ್ಕಪ್ಪ ಫೋನನ್ನು ಜಗಲಿಯ ಮೇಲಿಟ್ಟು ಟವಲ್ಲು ಹೆಗಲಿಗೆ ಹಾಕಿಕೊಂಡರು. "ನಂಜನ ಅಂಗ್ಡೀಗೆ ಓಗ್ಬುಟ್ಟು ಬತ್ತೀನಿ."

"ರೀ, ಸೇದ್ಲೇಬೇಕು ಅಂತ ಮಾದಪ್ಪ ಕೇಳುದ್ನಾ?"

"ಆಣೆ ಅಂದ್ರೆ ಆಣೆ ಕಣೆ."

ಹೊರಟೇಬಿಟ್ಟರು. ಗೆದ್ದ ಗಂಡಸಿನ ನಡಿಗೆ. ಪಂಚೆಯ ಚುಂಗು ಹಾರುತ್ತಿತ್ತು. ನಾನು ಹಿಂದೆ ಓಡಿದೆ. ಚಿಕ್ಕವ್ವ ನನ್ನ ಹಿಂದೆ. "ರೀ, ತಡೀರಿ!" ಎಂದು ಅವರು ಕೂಗುತ್ತಲೇ ಇದ್ದರು, ಚಿಕ್ಕಪ್ಪ ತಿರುಗಲಿಲ್ಲ. ನಡುದಾರಿಯ ಹುಣಸೆಮರ ದಾಟಿದರು, ಮೋರಿ ದಾಟಿದರು, ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತೇ ಬಿಟ್ಟರು.

"ಎತ್ತು ಸೇರ್ತು ಕಣ್ಲಾ!"

ನಂಜಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. ಹಲಗೆಯ ಮೇಲಿಂದ ಕಟ್ಟು ತೆಗೆದು, ಧೂಳು ಊದಿ, ಬೆಂಕಿಪೊಟ್ಟಣದ ಜೊತೆ ಮುಂದಿಟ್ಟ. ಚಿಕ್ಕಪ್ಪ ಕಟ್ಟಿನಿಂದ ಒಂದು ಬೀಡಿ ಎಳೆದರು. ಬೆರಳಲ್ಲಿ ಉರುಳಿಸಿದರು. ತುಟಿಗಿಟ್ಟರು. ಕಡ್ಡಿ ತೆಗೆದರು.

"ಇವಳೆಲ್ಲಿ?" ಎಂದು ಕೇಳಿದರು.

ತಿರುಗಿ ನೋಡಿದೆ. ಚಿಕ್ಕವ್ವ ದೂರದಲ್ಲಿ, ಹುಣಸೆಮರದ ಕೆಳಗೆ ಕೂತು, ಪಾದವನ್ನು ಮಂಡಿಯ ಮೇಲಿಟ್ಟುಕೊಂಡು ಬಗ್ಗಿ ನೋಡುತ್ತಿದ್ದರು. "ಮುಳ್ಳು ಚುಚ್ಚಿತೇನೋ," ಅಂದೆ.

"ಅತ್ಗೆಮ್ಮಂಗೆ ಯಾವಾಗ್ಲೂ ಅಲ್ಲೇ ಚುಚ್ಚೋದು ಕಣವ್ವ," ಅಂದ ನಂಜಪ್ಪ ಲೋಟ ತೊಳೆಯುತ್ತಾ. "ಎಷ್ಟು ವರ್ಸದಿಂದ ನೋಡ್ತಾವ್ನಿ. ಇಬ್ರೂ ಬರ್ತಾ ಇರ್ತಾರೆ, ಆ ಮರದ ತಾವು ಬಂದೇಟ್ಗೆ ಅತ್ಗೆಮ್ಮ ‘ಮುಳ್ಳು’ ಅಂತ ಕೂತ್ಕೋತದೆ, ಅಣ್ಣ ನಿಂತ್ಕೊಂಡು ಬೈತಾನೆ. ಆಮೇಲೆ ಎದ್ದು ಬತ್ತಾರೆ."

ಕಡ್ಡಿ ಹಿಡಿದ ಕೈ ನಿಂತಿತು. ಚಿಕ್ಕಪ್ಪ ಮರವನ್ನು ನೋಡಿದರು. ತಮ್ಮ ಎಡಗಾಲನ್ನು ನೋಡಿದರು. ಮತ್ತೆ ಮರವನ್ನು.

"ಅಲ್ಲಿ ಮುಳ್ಳೇ ಇಲ್ಲ ಕಣ್ಲಾ," ಅಂದರು ಬಹಳ ನಿಧಾನವಾಗಿ. "ಅದು ನನ್ನ ಕಾಲು ಹಿಡ್ಕೊಳ್ಳೋ ಜಾಗ."

ಬೀಡಿಯನ್ನು ತುಟಿಯಿಂದ ತೆಗೆದು, ಬೆಂಕಿಪೊಟ್ಟಣದ ಜೊತೆ ನಂಜಪ್ಪನ ಒದ್ದೆ ಕೈಯಲ್ಲಿಟ್ಟು ಎದ್ದರು. "ತುಟೀಗಿಟ್ನಲ್ಲ, ಆಣೆ ತೀರ್ತು," ಅಂದರು. ಆಮೇಲೆ ಅದನ್ನು ಅವರು ಮುಟ್ಟಿಲ್ಲ. ಡಾಕ್ಟರು ಮುಂದಿನ ಸಲ ಕಾಲು ಒತ್ತಿ ನೋಡಿ, "ಇದು ನಿಮ್ಮದೇ, ಇಟ್ಟುಕೊಳ್ಳಿ" ಅಂದರು. ಆದರೆ ಅವೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ನಾನು ಕಂಡದ್ದು ಇಷ್ಟು. ಚಿಕ್ಕಪ್ಪ ಎಲ್ಲಿಯೂ ನಿಲ್ಲದೆ ಮರದ ತನಕ ವಾಪಸು ನಡೆದರು. ರಸ್ತೆಯ ಪಕ್ಕದ ಧೂಳಿನಲ್ಲಿ ಹೆಂಡತಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಅವರ ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಥೂ, ಬುಡ್ರೀ! ಬಸ್ಸು ಬತ್ತಾ ಅದೆ, ಜನ ನೋಡ್ತಾರೆ!"

"ನೋಡ್ಲಿ. ಎಲ್ಲಿ ಚುಚ್ಚದೆ, ತೋರ್ಸು."

ಹುಣಸೂರಿನ ಬಸ್ಸು ಬಂತು, ಕಿಟಕಿಗಳೆಲ್ಲ ನೋಡಿದವು, ಹೋಯಿತು. ಚಿಕ್ಕಪ್ಪ ಪಾದವನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ, ಇಲ್ಲದ ಮುಳ್ಳನ್ನು ಹುಡುಕುತ್ತಲೇ ಇದ್ದರು. ಚಿಕ್ಕವ್ವ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.